ಹಳೆಯ ಜೀಪಿನ ದ್ರವದ ಬ್ರೇಕು: ದೋಷಪರೀಕ್ಷೆ ಮತ್ತು ಜೀರ್ಣೋದ್ಧಾರ

ಪೀಠಿಕೆ

ಮಲೆನಾಡಿನ ಜಮೀನುದಾರರಲ್ಲಿ ಕೆಲವರ ಮನೆಗಳಲ್ಲಿ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿರುವುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಅಮೆರಿಕದಲ್ಲಿ ಸೈನ್ಯಕ್ಕಾಗಿ ತಯಾರಾದ ವಿಲ್ಲೀಸ್ ಜೀಪಿನ ವಂಶಕ್ಕೆ ಸೇರಿದ ಈ ಗಾಡಿಗಳು 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ಸಿದ್ಧವಾಗಿ ನಮ್ಮ ನಾಡಿಗೂ ಬಂದುವು. ಅಡಕೆ, ಕಾಫಿ, ಗೊಬ್ಬರದ ಮೂಟೆಗಳನ್ನೂ ಕೆಲಸದ ಆಳುಗಳನ್ನೂ ಹೊತ್ತು, ಬೇರೆ ಗಾಡಿಗಳು ಹೋಗಲಾರದ ತೋಟದ ದಾರಿಗಳಲ್ಲಿ ಇವು ಹತ್ತಿ ಇಳಿಯುವುವು. ಇವುಗಳ ಎಂಜಿನಿನ ವಿಷಯದಲ್ಲಿ ಯಜಮಾನರು ತೋರುವ ಎಚ್ಚರಿಕೆಯನ್ನು ಬ್ರೇಕಿನ ವಿಷಯದಲ್ಲಿ ತೋರುವುದು ಅಪರೂಪ. ಎಂಜಿನು ಕೆಟ್ಟರೆ ಗಾಡಿಯು ಮನೆಯಲ್ಲಿಯೇ ಉಳಿಯುವುದು. ಬ್ರೇಕು ಕೆಟ್ಟರೆ ಗಾಡಿಯಲ್ಲಿ ಹೋದವರು ಮನೆಗೆ ಬರುವುದೇ ಸಂಶಯವಾಗುವುದು.

ಉದಾಹರಣೆಗಾಗಿ ಒಂದು ಸಂದರ್ಭವನ್ನು ಭಾವಿಸೋಣ. ಒಬ್ಬ ಗೌಡರ ಜೀಪಿನಲ್ಲಿ ಬ್ರೇಕಿನ ದ್ರವವು ವಾರವಾರವೂ ಕಡಮೆಯಾಗುತ್ತಿತ್ತು. ಚಾಲಕನು ವಾರವಾರವೂ ತುಂಬುತ್ತಿದ್ದನು. “ಹಾಕಿದ್ದೆಲ್ಲ ಎಲ್ಲಿಗೆ ಹೋಗುತ್ತದಯ್ಯಾ?” ಎಂದು ಗೌಡರು ಕೇಳಿದರೆ, “ಹಳೇ ಗಾಡಿ ಅಲ್ಲವೇ ಗೌಡರೇ, ಸ್ವಲ್ಪ ಕುಡಿಯುತ್ತದೆ” ಎಂಬುದು ಅವನ ಉತ್ತರ. ಒಂದು ವಾರ ಡಬ್ಬಿಯು ಬರಿದಾಗಿದ್ದುದರಿಂದ ಅವನು ಎಂಜಿನಿಗೆ ಹಾಕುವ ಎಣ್ಣೆಯನ್ನೇ ಸುರಿದನು. ಕೆಲವು ದಿನಗಳಲ್ಲಿ ಗಾಡಿಯು ಮಟ್ಟಸವಾದ ರಸ್ತೆಯಲ್ಲಿಯೂ ಸರಾಗವಾಗಿ ಉರುಳದೆ ಹೋಯಿತು. ನಾಲ್ಕು ಚಕ್ರಗಳೂ ಕೈಯಿಡಲಾರದಷ್ಟು ಬಿಸಿಯಾದುವು. ಆ ಮೇಲೆ ಒಂದು ದಿನ ಎಂಟು ಮಂದಿ ಆಳುಗಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವಾಗ ಪೆಡಲು ಕಾಲಿನ ಕೆಳಗೆ ನೆಲಮುಟ್ಟಿತು. ಗಾಡಿಯು ಕೆಳಗಿನ ಗೇರಿನಲ್ಲಿದ್ದುದರಿಂದಲೂ, ದಾರಿಯ ಪಕ್ಕದ ಧರೆಗೆ ಒರಸಿ ನಿಂತುದರಿಂದಲೂ ಯಾರಿಗೂ ಅಪಾಯವಾಗಲಿಲ್ಲ. ಈ ಗಾಡಿಯಲ್ಲಿ ನಡೆದುದೇನು, ಅದನ್ನು ಮೊದಲೇ ತಿಳಿಯುವುದು ಹೇಗೆ, ಸರಿಪಡಿಸುವ ಕ್ರಮವೇನು ಎಂಬುದೇ ಈ ಪಾಠದ ವಿಷಯ.

1. ಬ್ರೇಕು ಕೆಲಸಮಾಡುವ ಕ್ರಮ

ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ಸ್ಥಾಪಿಸಿದನು. ಈ ತತ್ತ್ವವನ್ನು ಮೋಟಾರು ಗಾಡಿಯ ಬ್ರೇಕಿಗೆ ಅನ್ವಯಿಸಿದವರಲ್ಲಿ ಅಮೆರಿಕದ ಮಾಲ್ಕಂ ಲಾಕ್‌ಹೀಡನು ಮುಖ್ಯನು. ಹಳೆಯ ಜೀಪುಗಳಲ್ಲಿರುವುದು ಈ ಪದ್ಧತಿಯೇ.

ಚಾಲಕನು ಪೆಡಲನ್ನು ತುಳಿದಾಗ ಗಾಡಿಯ ತಳದಲ್ಲಿರುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ದ್ರವವನ್ನು ಒತ್ತುವುದು. ಆ ಒತ್ತಡವು ಉಕ್ಕಿನ ಕೊಳವೆಗಳಲ್ಲಿಯೂ, ಚಕ್ರಗಳು ಮೇಲೆ ಕೆಳಗೆ ಆಡುವ ಕಡೆಗಳಲ್ಲಿ ರಬ್ಬರ್ ಹೋಸುಗಳಲ್ಲಿಯೂ ಹಾದು, ಪ್ರತಿಯೊಂದು ಚಕ್ರದ ವೀಲ್ ಸಿಲಿಂಡರನ್ನು ಮುಟ್ಟುವುದು. ಅದರೊಳಗಿನ ಎರಡು ಪಿಸ್ಟನ್ನುಗಳು ಹೊರಕ್ಕೆ ಸರಿದು ಎರಡು ಶೂಗಳನ್ನು ತಿರುಗುವ ಡ್ರಮ್ಮಿನ ಒಳಮೈಗೆ ಒತ್ತುವುವು. ಶೂಗಳ ಮೇಲಿನ ಲೈನಿಂಗು ಡ್ರಮ್ಮನ್ನು ತಡೆಯುವುದು. ಪಿಸ್ಟನ್ನಿನ ಹಿಂದೆ ದ್ರವವು ಸೋರದಂತೆ ತಡೆಯುವುದು ಬಟ್ಟಲಿನಾಕಾರದ ಒಂದು ಸಣ್ಣ ರಬ್ಬರ್ ವಾಷರು. ಗಾಡಿಯಲ್ಲಿರುವವರೆಲ್ಲರ ಪ್ರಾಣವು ಈ ವಾಷರುಗಳನ್ನು ನಂಬಿಕೊಂಡಿರುವುದೆಂದರೆ ಅತಿಶಯೋಕ್ತಿಯಲ್ಲ.

ಕಾಲಿನ ಬಲವು ಬೆಳೆಯುವ ಬಗೆಯು ಈ ಲೆಕ್ಕದಿಂದ ವಿಶದವಾಗುವುದು. ಚಾಲಕನು 20 ಕಿಲೋಗ್ರಾಂ ಭಾರದಷ್ಟು ತುಳಿದು, ಪೆಡಲಿನ ಸನ್ನೆಯು ಅದನ್ನು ಐದು ಪಾಲು ಮಾಡಿದರೆ, ಮಾಸ್ಟರ್ ಪಿಸ್ಟನ್ನಿನ ಮೇಲೆ 100 ಕಿಲೋಗ್ರಾಂ ಬೀಳುವುದು. ಆ ಪಿಸ್ಟನ್ನಿನ ವ್ಯಾಸವು ಒಂದು ಅಂಗುಲವಾಗಿದ್ದು, ಮುಂದಿನ ಚಕ್ರದ ಪಿಸ್ಟನ್ನೂ ಒಂದು ಅಂಗುಲವೇ ಆದರೆ, ಅದರ ಪ್ರತಿಯೊಂದು ಶೂ ಕೂಡ ಅಷ್ಟೇ 100 ಕಿಲೋಗ್ರಾಂ ಬಲವನ್ನು ಪಡೆಯುವುದು. ಹಿಂದಿನ ಪಿಸ್ಟನ್ನು ಮುಕ್ಕಾಲು ಅಂಗುಲವಾದರೆ ಅಲ್ಲಿ ಸುಮಾರು 56 ಕಿಲೋಗ್ರಾಂ ಮಾತ್ರ. ಗಾಡಿಯು ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳಿಗೆ ಹೆಚ್ಚು ಬಲ ಸಲ್ಲುವಂತೆ ಹೀಗೆ ಏರ್ಪಡಿಸಿರುವರು. ಆದುದರಿಂದ ಒಂದು ಅಳತೆಯ ಸಿಲಿಂಡರಿನ ಬದಲು ಇನ್ನೊಂದು ಅಳತೆಯದನ್ನು ಕೂರಿಸಕೂಡದು.

ಆದರೆ ಇದೇ ತತ್ತ್ವದಲ್ಲಿ ಒಂದು ಗಂಡಾಂತರವೂ ಅಡಗಿರುವುದು. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದ್ರವಮಾರ್ಗ. ಎಲ್ಲಾದರೂ ಒಂದೆಡೆ ಬಾಯಿಬಿಟ್ಟರೆ ಒತ್ತಡವು ಅಲ್ಲಿಂದಲೇ ಹೊರಟುಹೋಗಿ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ತಪ್ಪುವುದು. ಏರಿಯಲ್ಲಿ ಒಂದು ಏಡಿಯ ಬಿಲವಿದ್ದರೆ ಕೆರೆಯೆಲ್ಲ ಬರಿದಾಗುವಂತೆಯೇ ಇದು.

2. ಬ್ರೇಕಿನ ದ್ರವವು ಎಣ್ಣೆಯಲ್ಲ

ರೂಢಿಯಲ್ಲಿ ಇದನ್ನು ಬ್ರೇಕ್ ಆಯಿಲ್ ಎನ್ನುವರು. ಈ ಹೆಸರೇ ಅನೇಕ ಅನರ್ಥಗಳಿಗೆ ಮೂಲ. ಮೊದಮೊದಲು ಈ ಕೆಲಸಕ್ಕೆ ಹರಳೆಣ್ಣೆಯನ್ನು ಮದ್ಯಸಾರದೊಡನೆ ಬೆರೆಸಿ ಬಳಸುತ್ತಿದ್ದುದುಂಟು. ಹರಳೆಣ್ಣೆಯು ಅಂದಿನ ರಬ್ಬರನ್ನು ಕೆಡಿಸುತ್ತಿರಲಿಲ್ಲ. ಈಗ ಸಾಮಾನ್ಯವಾಗಿ ದೊರೆಯುವ ಡಾಟ್ 3, ಡಾಟ್ 4 ಎಂಬ ದ್ರವಗಳು ಗ್ಲೈಕಾಲ್ ಜಾತಿಯವು. ಇವುಗಳಲ್ಲಿ ಎಣ್ಣೆಯ ಅಂಶವಿಲ್ಲ. ಎಂಜಿನ್ ಎಣ್ಣೆ, ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್, ಇವುಗಳಲ್ಲಿ ಯಾವುದಾದರೂ ಒಳಸೇರಿದರೆ ರಬ್ಬರು ಉಬ್ಬಿ ಮೆತ್ತಗಾಗುವುದು. ಗೌಡರ ಜೀಪಿನ ಚಕ್ರಗಳು ಕಾದುದಕ್ಕೆ ಕಾರಣವಿದೇ: ಉಬ್ಬಿದ ವಾಷರು ಮಾಸ್ಟರ್ ಸಿಲಿಂಡರಿನ ಸೂಕ್ಷ್ಮ ರಂಧ್ರವನ್ನು ಮುಚ್ಚಿತು, ದ್ರವವು ಪಾತ್ರೆಗೆ ಹಿಂದಿರುಗಲಾರದೆ ಶೂಗಳು ಡ್ರಮ್ಮನ್ನು ಬಿಡಲಿಲ್ಲ.

ಈ ದ್ರವದ ಎರಡನೆಯ ಗುಣವು ತೇವವನ್ನು ಹೀರುವುದು. ಮಳೆಗಾಲದ ಮಲೆನಾಡಿನ ಗಾಳಿಯಲ್ಲಿ ಇದು ಬೇಗ ನಡೆಯುವುದು. ಹೊಸ ಡಾಟ್ 3 ದ್ರವವು 205 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಮೆ ಉಷ್ಣದಲ್ಲಿ ಕುದಿಯಕೂಡದೆಂದು ನಿಯಮ. ತೇವ ಹೀರಿದ ಮೇಲೆ ಈ ಮಿತಿಯು 140 ಡಿಗ್ರಿಗೆ ಇಳಿಯುವುದು. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155. ಉದ್ದವಾದ ಘಟ್ಟದಲ್ಲಿ ಬ್ರೇಕನ್ನು ಬಿಡದೆ ಒತ್ತಿದರೆ ಕಾದ ಡ್ರಮ್ಮಿನ ಬಳಿ ಹಳೆಯ ದ್ರವವು ಕುದಿದು ಆವಿಯಾಗುವುದು. ಆವಿಯು ಅಮುಕಿಕೊಳ್ಳುವ ವಸ್ತುವಾದುದರಿಂದ ಪೆಡಲು ನೆಲಕ್ಕಿಳಿಯುವುದು. ಇದಲ್ಲದೆ, ಆ ನೀರಿನ ಅಂಶವು ಸಿಲಿಂಡರುಗಳ ಒಳಗೆ ತುಕ್ಕು ಹಿಡಿಸಿ ಗುಳಿಬೀಳಿಸುವುದು. ಆದುದರಿಂದ ಎರಡು ವರ್ಷಗಳಿಗೊಮ್ಮೆ ಹಳೆಯ ದ್ರವವನ್ನು ಪೂರ್ತಿ ತೆಗೆದು ಹೊಸದನ್ನು ತುಂಬತಕ್ಕದ್ದು. ಬಾಯಿ ತೆರೆದು ಬಹುದಿನ ಇಟ್ಟಿದ್ದ ಡಬ್ಬಿಯ ದ್ರವವನ್ನು ಉಪಯೋಗಿಸಕೂಡದು. ಡಾಟ್ 5 ಎಂಬುದು ಸಿಲಿಕೋನ್ ಜಾತಿಯದು; ಅದನ್ನು ಇವುಗಳೊಡನೆ ಬೆರೆಸಕೂಡದು.

ಮೂರನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸಬೇಕಾದುದು: ಬ್ರೇಕಿನ ದ್ರವವು ಪೆಟ್ರೋಲಿನಂತೆ ಖರ್ಚಾಗತಕ್ಕ ವಸ್ತುವಲ್ಲ. ಲೈನಿಂಗು ಸವೆದಂತೆ ಪಾತ್ರೆಯ ಮಟ್ಟವು ತಿಂಗಳುಗಳ ಮೇಲೆ ಸ್ವಲ್ಪ ಇಳಿಯಬಹುದು. ಅದಕ್ಕಿಂತ ಬೇಗ ಇಳಿದರೆ ಎಲ್ಲಿಯೋ ಸೋರಿಕೆಯಿದೆಯೆಂದೇ ಅರ್ಥ. ಕಾಲುವೆಯ ಕೊನೆಯ ಗದ್ದೆಗೆ ನೀರು ಸಾಲದೆ ಬಂದರೆ ನೀರುಗಂಟಿಯು ತೂಬನ್ನು ಇನ್ನಷ್ಟು ಎತ್ತಿ ಸುಮ್ಮನಾಗುವುದಿಲ್ಲ. ಕಾಲುವೆಯುದ್ದಕ್ಕೂ ನಡೆದು ಒಡಕನ್ನು ಹುಡುಕುವನು. ಬ್ರೇಕಿನಲ್ಲಿಯೂ ಇದೇ ನ್ಯಾಯ.

3. ಪೆಡಲಿನಿಂದ ದೋಷವನ್ನು ಅರಿಯುವುದು

ವೈದ್ಯನು ನಾಡಿಯನ್ನು ನೋಡುವಂತೆ ಬ್ರೇಕಿನ ರೋಗವನ್ನು ಪೆಡಲಿನಿಂದ ತಿಳಿಯಬಹುದು. ಗಾಡಿಯನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ ಕಾಲಿನಿಂದ ಪರೀಕ್ಷಿಸತಕ್ಕದ್ದು.

(ಅ) ಪೆಡಲು ಮೊದಲು ಗಟ್ಟಿಯಾಗಿದ್ದು, ಒತ್ತಿ ಹಿಡಿದರೆ ಮೆಲ್ಲಮೆಲ್ಲನೆ ಇಳಿಯುವುದು: ದ್ರವವು ಹೊರಗೆ ಸೋರುತ್ತಿದೆ, ಹೊರಗೆಲ್ಲಿಯೂ ತೇವವಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ವಾಷರು ಸವೆದು, ದ್ರವವು ಅದನ್ನು ದಾಟಿ ಪಾತ್ರೆಗೆ ಹಿಂದಿರುಗುತ್ತಿದೆ.

(ಆ) ಪೆಡಲು ಸ್ಪ್ರಿಂಗಿನಂತೆ ಪುಟಿಯುವುದು, ಹಲವು ಸಲ ತುಳಿದರೆ ಸ್ವಲ್ಪ ಏರುವುದು: ಕೊಳವೆಗಳಲ್ಲಿ ಗಾಳಿ ಸೇರಿದೆ.

(ಇ) ಪೆಡಲು ಬಹಳ ಕೆಳಗೆ ಹೋಗಿ ಗಟ್ಟಿಯಾಗಿ ನಿಲ್ಲುವುದು, ಎರಡನೆಯ ತುಳಿತಕ್ಕೆ ಮೇಲೆಯೇ ನಿಲ್ಲುವುದು: ಶೂಗಳಿಗೂ ಡ್ರಮ್ಮಿಗೂ ಅಂತರ ಹೆಚ್ಚಾಗಿದೆ. ಲೈನಿಂಗು ಸವೆದಿದೆಯೇ ಎಂದು ನೋಡಿ ಶೂಗಳನ್ನು ಹೊಂದಿಸಬೇಕು.

(ಈ) ಪೆಡಲು ಮೇಲೆಯೇ ಕಲ್ಲಿನಂತೆ ಗಟ್ಟಿ, ಆದರೆ ಗಾಡಿಯು ನಿಲ್ಲದು: ಲೈನಿಂಗಿಗೆ ಗ್ರೀಸು ಅಥವಾ ದ್ರವ ತಗಲಿದೆ, ಇಲ್ಲವೆ ಅದು ಸುಟ್ಟು ನುಣುಪಾಗಿದೆ. ಹೊಳೆ ದಾಟಿದ ಕೂಡಲೆ ಹೀಗಾದರೆ ನೀರೇ ಕಾರಣ. ಮೆಲ್ಲನೆ ನಡೆಸುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸತಕ್ಕದ್ದು.

(ಉ) ಗಾಡಿಯು ಒಂದು ಪಕ್ಕಕ್ಕೆ ಎಳೆಯುವುದು: ಎಳೆಯುವ ಪಕ್ಕದ ಬ್ರೇಕು ಹಿಡಿಯುತ್ತಿದೆ, ಎದುರು ಪಕ್ಕದ್ದು ಹಿಡಿಯುತ್ತಿಲ್ಲ. ಎದುರು ಪಕ್ಕದಲ್ಲಿ ಪಿಸ್ಟನ್ನು ತುಕ್ಕಿನಿಂದ ಕಚ್ಚಿಕೊಂಡಿರಬಹುದು ಅಥವಾ ಲೈನಿಂಗು ನೆನೆದಿರಬಹುದು.

(ಊ) ಬ್ರೇಕು ಬಿಟ್ಟ ಮೇಲೂ ಚಕ್ರಗಳು ಬಿಗಿದಿರುವುದು: ನಾಲ್ಕೂ ಬಿಗಿದಿದ್ದರೆ ದೋಷವು ಮಾಸ್ಟರ್ ಸಿಲಿಂಡರಿನಲ್ಲಿ ಅಥವಾ ಪೆಡಲಿನಲ್ಲಿರುವುದು. ಪೆಡಲಿಗೆ ಸುಮಾರು ಅರ್ಧ ಅಂಗುಲ ಬಿಡುವಾದ ಚಲನೆ ಇರಬೇಕು. ಇಲ್ಲದಿದ್ದರೆ ಮೇಲೆ ಹೇಳಿದ ಸೂಕ್ಷ್ಮ ರಂಧ್ರವು ತೆರೆಯದು. ಒಂದೇ ಚಕ್ರ ಬಿಗಿದಿದ್ದರೆ ಅದರ ನಿಪ್ಪಲನ್ನು ಸ್ವಲ್ಪ ಸಡಿಲಿಸಿ ನೋಡಬೇಕು. ದ್ರವವು ಚಿಮ್ಮಿ ಚಕ್ರವು ಬಿಟ್ಟುಕೊಂಡರೆ ಒತ್ತಡವು ಅಲ್ಲಿ ಸಿಕ್ಕಿಬಿದ್ದಿದೆ; ಒಳಗೆ ಊದಿ ಮುಚ್ಚಿಕೊಂಡ ಹೋಸೇ ಇದಕ್ಕೆ ಸಾಮಾನ್ಯ ಕಾರಣ. ಬಿಟ್ಟುಕೊಳ್ಳದಿದ್ದರೆ ಪಿಸ್ಟನ್ನು ಕಚ್ಚಿದೆ ಅಥವಾ ಶೂ ಎಳೆಯುವ ಸ್ಪ್ರಿಂಗು ಸೋತಿದೆ.

4. ಸೋರಿಕೆಯನ್ನು ಹುಡುಕುವ ಕ್ರಮ

ಮಾಸ್ಟರ್ ಸಿಲಿಂಡರಿನಿಂದ ಹೊರಟು ದ್ರವವು ಹರಿಯುವ ದಾರಿಯಲ್ಲಿಯೇ ಹೋಗತಕ್ಕದ್ದು. ಮೊದಲು ಸಿಲಿಂಡರಿನ ಹಿಂಬದಿಯ ರಬ್ಬರ್ ಮುಸುಕು. ಅನಂತರ ಕೊಳವೆಗಳ ಕೀಲುಗಳು, ಕಲ್ಲು ತಗಲಿ ಜಜ್ಜಿದ ಅಥವಾ ತುಕ್ಕು ಹಿಡಿದ ಕಡೆಗಳು. ಆಮೇಲೆ ಹೋಸುಗಳು, ಅವುಗಳನ್ನು ಬಾಗಿಸಿ ಬಿರುಕುಗಳನ್ನು ನೋಡಬೇಕು. ಕೊನೆಗೆ ಒಂದೊಂದು ಚಕ್ರದ ಒಳಬದಿಯ ತಟ್ಟೆ. ಟೈರಿನ ಒಳಮೈಯಲ್ಲಿ ತೇವದ ಗೆರೆಯಿದ್ದರೆ ವೀಲ್ ಸಿಲಿಂಡರು ಸೋರುತ್ತಿರಬಹುದು. ಡ್ರಮ್ಮನ್ನು ತೆಗೆದು ಸಿಲಿಂಡರಿನ ರಬ್ಬರ್ ಮುಸುಕಿನ ಅಂಚನ್ನು ಮೆಲ್ಲನೆ ಬಿಡಿಸಿದಾಗ ದ್ರವವು ತೊಟ್ಟಿಕ್ಕಿದರೆ ಸಂಶಯವೇ ಇಲ್ಲ. ಗೌಡರ ಜೀಪಿನಲ್ಲಿ ವಾರವಾರವೂ ತುಂಬಿದುದೆಲ್ಲ ಹಿಂದಿನ ಎಡ ಚಕ್ರದಲ್ಲಿ ಹೀಗೆಯೇ ಹೊರಬಿದ್ದು ಲೈನಿಂಗನ್ನು ನೆನೆಯಿಸಿತ್ತು. ಐದು ನಿಮಿಷ ಗಾಡಿಯ ಕೆಳಗೆ ಬಗ್ಗಿ ನೋಡಿದ್ದರೆ ಮೊದಲನೆಯ ವಾರದಲ್ಲಿಯೇ ಇದು ಕಾಣುತ್ತಿತ್ತು.

5. ಬಿಚ್ಚಿ ಹೊಸದಾಗಿ ಕಟ್ಟುವುದು

ಒಂದು ಚಕ್ರದ ವಾಷರು ಸೋತಿದ್ದರೆ ಅದೇ ವಯಸ್ಸಿನ ಉಳಿದವೂ ಸೋಲಲು ಸಿದ್ಧವಾಗಿರುವುವು. ಒಂದನ್ನು ಮಾತ್ರ ಬದಲಾಯಿಸಿದರೆ ಮರಳಿ ಬಂದ ಒತ್ತಡವು ಮುಂದಿನ ದುರ್ಬಲ ಸ್ಥಾನವನ್ನು ಒಡೆಯುವುದು. ಆದುದರಿಂದ ನಾಲ್ಕೂ ವೀಲ್ ಸಿಲಿಂಡರುಗಳನ್ನೂ ಮಾಸ್ಟರ್ ಸಿಲಿಂಡರನ್ನೂ ಒಟ್ಟಿಗೆ ಜೀರ್ಣೋದ್ಧಾರ ಮಾಡುವುದೇ ಮೇಲು. ಎಂಜಿನ್ ಎಣ್ಣೆಯು ಒಳಹೊಕ್ಕಿದ್ದರೆ ಈ ವಿಷಯದಲ್ಲಿ ಆಯ್ಕೆಯೇ ಇಲ್ಲ: ಹೋಸುಗಳೂ ಸೇರಿ ರಬ್ಬರಿನ ಪ್ರತಿಯೊಂದು ಭಾಗವನ್ನೂ ಬದಲಾಯಿಸಿ, ಕೊಳವೆಗಳನ್ನು ಸ್ಪಿರಿಟ್ಟಿನಿಂದ ತೊಳೆದು ಒಣಗಿಸಬೇಕು.

ಗಾಡಿಯನ್ನು ಜಾಕಿಯ ಮೇಲೆ ಮಾತ್ರ ನಿಲ್ಲಿಸಿ ಕೆಳಗೆ ಹೋಗಕೂಡದು. ಗಟ್ಟಿಯಾದ ಆಧಾರಗಳನ್ನೂ, ನೆಲದಲ್ಲಿರುವ ಚಕ್ರಗಳಿಗೆ ಅಡೆಗಳನ್ನೂ ಕೊಡತಕ್ಕದ್ದು. ಅನೇಕ ಹಳೆಯ ಜೀಪುಗಳಲ್ಲಿ ಎಡಗಡೆಯ ಚಕ್ರಗಳ ನಟ್ಟುಗಳಿಗೆ ಎಡಸುತ್ತಿನ ಮರೆ ಇರುವುದು; ಅವನ್ನು ಬಿಚ್ಚುವಾಗ ಬಲಕ್ಕೆ ತಿರುಗಿಸಬೇಕು. ಇದನ್ನರಿಯದೆ ಬಲವಂತಮಾಡಿ ಬೋಲ್ಟುಗಳನ್ನು ಮುರಿದವರುಂಟು.

ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಕೂಡದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದರಿಂದ ಆ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರಸಿ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ವಿಸರ್ಜಿಸತಕ್ಕದ್ದು.

ಒಂದು ಸಲಕ್ಕೆ ಒಂದೇ ಚಕ್ರವನ್ನು ಬಿಚ್ಚಿದರೆ ಇನ್ನೊಂದು ಪಕ್ಕದ್ದು ಮಾದರಿಯಾಗಿ ಉಳಿಯುವುದು. ಡ್ರಮ್ಮು ತೆಗೆದಿರುವಾಗ ಯಾರೂ ಪೆಡಲನ್ನು ತುಳಿಯಕೂಡದು. ತುಳಿದರೆ ಪಿಸ್ಟನ್ನುಗಳು ಹೊರಕ್ಕೆ ಹಾರುವುವು. ಲೈನಿಂಗು ರಿವೆಟ್ಟುಗಳ ತಲೆಯ ಸಮೀಪಕ್ಕೆ ಸವೆದಿದ್ದರೆ ಅಥವಾ ದ್ರವದಿಂದ ನೆನೆದಿದ್ದರೆ ಹೊಸದನ್ನು ಹಾಕಬೇಕು; ನೆನೆದುದನ್ನು ಬೆಂಕಿಗೆ ಹಿಡಿದು ಒಣಗಿಸುವ ರೂಢಿಯು ತಪ್ಪು. ಒಂದೇ ಅಚ್ಚಿನ ಎರಡು ಚಕ್ರಗಳಿಗೂ ಒಂದೇ ಜಾತಿಯ ಲೈನಿಂಗನ್ನು ಒಟ್ಟಿಗೆ ಹಾಕತಕ್ಕದ್ದು. ಡ್ರಮ್ಮಿನಲ್ಲಿ ಆಳವಾದ ಗೀರುಗಳಿದ್ದರೆ ಲೇತಿನಲ್ಲಿ ಕಡೆಯಿಸಬೇಕು. ಕಡೆದು ಕಡೆದು ತೆಳುವಾದುದನ್ನು ಬಿಟ್ಟು ಬೇರೆಯದನ್ನು ಕೊಳ್ಳಬೇಕು.

ಸಿಲಿಂಡರಿನಿಂದ ಮುಸುಕು, ಪಿಸ್ಟನ್ನು, ವಾಷರು, ಸ್ಪ್ರಿಂಗುಗಳನ್ನು ತೆಗೆದು, ಲೋಹದ ಭಾಗಗಳನ್ನು ಸ್ಪಿರಿಟ್ಟಿನಿಂದ ಅಥವಾ ಹೊಸ ಬ್ರೇಕ್ ದ್ರವದಿಂದಲೇ ತೊಳೆಯಬೇಕು. ಒಳಮೈಯನ್ನು ಬೆಳಕಿಗೆ ಹಿಡಿದು ನೋಡಬೇಕು. ತೆಳುವಾದ ಕಲೆಗಳು ನಯವಾದ ಉಜ್ಜುವಿಕೆಯಿಂದ ಹೋಗುವುವು. ಉಗುರಿಗೆ ತಗಲುವ ಗುಳಿಗಳಿದ್ದರೆ ಹೊಸ ವಾಷರು ಹಾಕಿಯೂ ಪ್ರಯೋಜನವಿಲ್ಲ: ಅದರ ತುಟಿಯನ್ನು ಆ ಗುಳಿಗಳು ಕೆಲವೇ ದಿನಗಳಲ್ಲಿ ಕೊರೆದುಬಿಡುವುವು. ಅಂಥ ಸಿಲಿಂಡರನ್ನು ಬದಲಾಯಿಸಬೇಕು, ಅಥವಾ ನುರಿತ ಕಾರ್ಖಾನೆಯಲ್ಲಿ ಒಳಗೆ ಹೊಸ ಲೋಹದ ತೋಳು ಕೂರಿಸಬೇಕು. ಬಿಡಿಭಾಗಗಳು ದುರ್ಲಭವಾಗಿರುವ ಗಾಡಿಗಳಿಗೆ ಈ ಎರಡನೆಯ ಉಪಾಯವು ಬಹು ಉಪಯುಕ್ತ.

ಜೋಡಿಸುವಾಗ ಕೈಗಳನ್ನು ಶುಚಿಮಾಡಿಕೊಂಡು, ವಾಷರುಗಳನ್ನು ಹೊಸ ದ್ರವದಲ್ಲಿ ಅದ್ದಿ, ಬಟ್ಟಲಿನ ಬಾಯಿಯು ದ್ರವದ ಕಡೆಗೆ ಇರುವಂತೆ ಕೂರಿಸಬೇಕು. ಗ್ರೀಸು ಹಚ್ಚಕೂಡದು. ಮಾಸ್ಟರ್ ಸಿಲಿಂಡರಿನಲ್ಲಿ ಸೂಕ್ಷ್ಮ ರಂಧ್ರವು ತೆರೆದಿದೆಯೆಂದು ಖಚಿತಪಡಿಸಿಕೊಂಡು, ತುದಿಯಲ್ಲಿರುವ ವಾಲ್ವನ್ನು ಮರೆಯದೆ ಹಾಕಬೇಕು. ಕೆಟ್ಟ ಕೊಳವೆಗಳ ಸ್ಥಾನದಲ್ಲಿ ಬ್ರೇಕಿಗಾಗಿಯೇ ತಯಾರಾದವನ್ನು ಹಾಕತಕ್ಕದ್ದು. ಸಾಮಾನ್ಯ ತಾಮ್ರದ ಕೊಳವೆಯು ಅದಿರಾಟದಿಂದ ಪೆಡಸಾಗಿ ಬಿರಿಯುವುದು.

6. ಗಾಳಿ ತೆಗೆಯುವುದು

ಇದಕ್ಕೆ ಇಬ್ಬರು ಬೇಕು. ಮೊದಲು ಶೂಗಳನ್ನು ಡ್ರಮ್ಮಿಗೆ ತಗಲುವಷ್ಟು ಬಿಗಿಮಾಡಿ, ಚಕ್ರವು ಸರಾಗವಾಗಿ ತಿರುಗುವಷ್ಟು ಸಡಿಲಿಸತಕ್ಕದ್ದು. ಪಾತ್ರೆಯನ್ನು ತುಂಬಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಪ್ರಾರಂಭಿಸಬೇಕು. ಬಲಗಡೆ ಚಾಲಕನು ಕೂರುವ ಗಾಡಿಯಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂಬುದೇ ಅನುಕ್ರಮ. ನಿಪ್ಪಲಿಗೆ ರಬ್ಬರ್ ನಳಿಗೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ದ್ರವವಿರುವ ಗಾಜಿನ ಸೀಸೆಯಲ್ಲಿ ಮುಳುಗಿಸಬೇಕು. ಒಬ್ಬನು ಪೆಡಲನ್ನು ಮೆಲ್ಲನೆ ತುಳಿದು ಹಿಡಿಯಬೇಕು. ಇನ್ನೊಬ್ಬನು ನಿಪ್ಪಲನ್ನು ತೆರೆದು, ಪೆಡಲು ಕೆಳಮುಟ್ಟಿದೊಡನೆ, ಕಾಲು ಎತ್ತುವ ಮೊದಲು, ಮುಚ್ಚಬೇಕು. ಸೀಸೆಯಲ್ಲಿ ಗುಳ್ಳೆಗಳು ನಿಲ್ಲುವವರೆಗೆ ಹೀಗೆ ಮಾಡಿ ಮುಂದಿನ ಚಕ್ರಕ್ಕೆ ಹೋಗತಕ್ಕದ್ದು. ಪಾತ್ರೆಯ ದ್ರವವು ಅರ್ಧಕ್ಕಿಂತ ಕೆಳಗಿಳಿಯದಂತೆ ತುಂಬುತ್ತಿರಬೇಕು. ಸೀಸೆಗೆ ಬಂದ ದ್ರವವನ್ನು ಮತ್ತೆ ಸುರಿಯಕೂಡದು. ದ್ರವವು ಗಾಡಿಯ ಬಣ್ಣವನ್ನು ಕೀಳುವುದರಿಂದ ಚೆಲ್ಲಿದ ಕಡೆ ಕೂಡಲೆ ನೀರಿನಿಂದ ತೊಳೆಯಬೇಕು.

7. ಕಡೆಯ ಪರೀಕ್ಷೆ

ಗಾಡಿಯು ನಿಂತಿರುವಾಗಲೇ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಬೇಕು. ಅದು ಕೂದಲೆಳೆಯಷ್ಟೂ ಇಳಿಯಕೂಡದು. ಆಗ ಇನ್ನೊಬ್ಬನು ಎಲ್ಲ ಕೀಲುಗಳನ್ನೂ ನೋಡಬೇಕು. ಅನಂತರ ಬರಿಯ ಗಾಡಿಯನ್ನು ಬಯಲಿನಲ್ಲಿ ಮೆಲ್ಲಗೆ ನಡೆಸಿ ನಿಲ್ಲಿಸಿ ನೋಡತಕ್ಕದ್ದು. ಕೆಲವು ದಿನಗಳು ಹೀಗೆ ನಡೆದು, ದ್ರವದ ಮಟ್ಟವು ಇಳಿಯದಿದ್ದರೆ ಮಾತ್ರ ಹೊರೆಯನ್ನೂ ಜನರನ್ನೂ ಏರಿಸಬೇಕು.

ಈ ಜೀಪುಗಳ ಕೈಬ್ರೇಕು ಚಕ್ರಗಳನ್ನು ಹಿಡಿಯದೆ, ಹಿಂದಿನ ಅಚ್ಚಿಗೆ ಶಕ್ತಿಯನ್ನೊಯ್ಯುವ ದಂಡವನ್ನು ಹಿಡಿಯುವುದು. ನಿಂತ ಗಾಡಿಯನ್ನು ಹಿಡಿಯಲು ಅದು ತಕ್ಕುದು. ವೇಗದ ಗಾಡಿಯನ್ನು ನಿಲ್ಲಿಸಲು ಅದನ್ನೇ ನಂಬಕೂಡದು. ಇಳಿಜಾರಿನಲ್ಲಿ ಪೆಡಲು ತಪ್ಪಿದರೆ ಅದನ್ನು ಬೇಗಬೇಗನೆ ಹಲವು ಸಲ ತುಳಿದು, ಗೇರನ್ನು ಕೆಳಕ್ಕಿಳಿಸುತ್ತ, ಕೈಬ್ರೇಕನ್ನು ಕ್ರಮವಾಗಿ ಎಳೆದು, ಗಾಡಿಯನ್ನು ಧರೆಯ ಕಡೆಗೆ ತಿರುಗಿಸಬೇಕು. ಎಂಜಿನನ್ನು ಆರಿಸಿ ನ್ಯೂಟ್ರಲಿನಲ್ಲಿ ಇಳಿಯುವ ಮಿತವ್ಯಯವು ಆತ್ಮಘಾತಕ್ಕೆ ಸಮಾನ.

ಸಾರಾಂಶ

(1) ದ್ರವವು ಕಡಮೆಯಾದರೆ ತುಂಬುವ ಮೊದಲು ಎಲ್ಲಿಗೆ ಹೋಯಿತೆಂದು ಹುಡುಕಬೇಕು.
(2) ಬ್ರೇಕಿನ ದ್ರವವಲ್ಲದೆ ಬೇರೆ ಯಾವ ಎಣ್ಣೆಯನ್ನೂ ಹಾಕಕೂಡದು.
(3) ಸೋರುವ ಒಂದು ಸಿಲಿಂಡರು ಉಳಿದವುಗಳ ಸ್ಥಿತಿಗೂ ಸಾಕ್ಷಿ. ಎಲ್ಲವನ್ನೂ ಒಟ್ಟಿಗೆ ನೋಡಿಸಬೇಕು.
(4) ಎರಡು ವರ್ಷಗಳಿಗೊಮ್ಮೆ, ಮಳೆಗಾಲವು ಮುಗಿದೊಡನೆ, ದ್ರವವನ್ನು ಬದಲಾಯಿಸಬೇಕು.
(5) ಈ ಕೆಲಸದಲ್ಲಿ ಅನುಭವವಿಲ್ಲದವರು ದೋಷಪರೀಕ್ಷೆಯನ್ನು ತಾವು ಮಾಡಿ, ಜೀರ್ಣೋದ್ಧಾರವನ್ನು ನುರಿತ ಮೆಕ್ಯಾನಿಕನಿಂದ ಮುಂದೆ ನಿಂತು ಮಾಡಿಸತಕ್ಕದ್ದು.

ಎತ್ತಿನ ಗಾಡಿಯ ಕಾಲದಲ್ಲಿ ಯಜಮಾನನು ಪ್ರಯಾಣಕ್ಕೆ ಮೊದಲು ಕಡಾಣಿಯನ್ನು ತಾನೇ ಮುಟ್ಟಿ ನೋಡುತ್ತಿದ್ದನು. ಜೀಪಿನ ಯಜಮಾನನು ಇಳಿಜಾರಿಗೆ ಹೊರಡುವ ಮೊದಲು ಪೆಡಲನ್ನು ಒಂದು ಸಲ ಒತ್ತಿ ಹಿಡಿದು, ಪಾತ್ರೆಯ ಮುಚ್ಚಳವನ್ನು ತೆರೆದು ನೋಡುವ ಅಭ್ಯಾಸವನ್ನು ಇಟ್ಟುಕೊಂಡರೆ, ತನ್ನನ್ನು ನಂಬಿ ಹಿಂದೆ ಕುಳಿತ ಆಳುಗಳ ಋಣವನ್ನು ಅಷ್ಟರಮಟ್ಟಿಗೆ ತೀರಿಸಿದಂತಾಗುವುದು.